ವೇಗವೆಂಬ ಅಂಕೆ

ಹಸುವನ್ನು ಕೊಳ್ಳಹೋದ ರೈತನು ಮಾರುವವನ ಬಾಯಿಮಾತನ್ನು ನಂಬಿ ಹಣ ಎಣಿಸಿಕೊಡುವದಿಲ್ಲ. ಕೆಚ್ಚಲನ್ನು ಮುಟ್ಟಿ ನೋಡುವನು, ಹಲ್ಲೆಣಿಸುವನು, ಎರಡು ಹೊತ್ತು ತನ್ನ ಕಣ್ಣೆದುರಿಗೇ ಹಿಂಡಿಸಿ, ಹಾಲನ್ನು ತನ್ನ ತಂಬಿಗೆಯಿಂದಲೇ ಅಳೆಯಿಸುವನು. ಆ ಮೇಲೆ ಕೂಡ ಮೇವಿನ ಅನುಕೂಲವಿದೆಯೋ ಇಲ್ಲವೋ ಎಂದು ಒಂದು ರಾತ್ರಿ ಯೋಚಿಸಿಯೇ ಹಗ್ಗಕ್ಕೆ ಕೈ ಹಾಕುವನು. ಇಷ್ಟು ಎಚ್ಚರವುಳ್ಳ ಗೃಹಸ್ಥನೇ ಮನೆಗೆ ಅಂತರ್ಜಾಲದ ಸಂಪರ್ಕವನ್ನು ತೆಗೆದುಕೊಳ್ಳುವಾಗ, ಬಣ್ಣದ ಕಾಗದದ ಮೇಲೆ ದೊಡ್ಡದಾಗಿ ಅಚ್ಚಾದ ಒಂದು ಅಂಕೆಯನ್ನು ನೋಡಿ, ಅದರ ಕೆಳಗೆ ಸಣ್ಣಕ್ಷರದಲ್ಲಿ ಏನಿದೆಯೆಂದು ಕನ್ನಡಕ ಹಾಕಿ ಓದದೆ, ವರ್ಷದ ಹಣವನ್ನು ಮುಂಗಡವಾಗಿ ಕೊಟ್ಟುಬಿಡುವದುಂಟು. ಹಸುವು ಕಣ್ಣಿಗೆ ಕಾಣುತ್ತದೆ, ವೇಗವು ಕಾಣುವದಿಲ್ಲ, ಭೇದವಿಷ್ಟೇ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲೂಕುಗಳ ಮನೆಗಳಲ್ಲಿ ಈ ವಿಚಾರವು ಈಗ ಕೇವಲ ವಿನೋದದ ವಿಷಯವಾಗಿ ಉಳಿದಿಲ್ಲ. ಪಹಣಿ ಪತ್ರ, ಬ್ಯಾಂಕಿನ ಲೆಕ್ಕ, ಪರೀಕ್ಷೆಯ ಅರ್ಜಿ, ಪರಸ್ಥಳದಲ್ಲಿರುವ ಮಕ್ಕಳ ಮುಖ, ಎಲ್ಲವೂ ಇದೇ ದಾರಿಯಿಂದ ಬರಬೇಕಾಗಿದೆ. ೨೦೨೦ರಲ್ಲಿ ಮಹಾಮಾರಿಯ ನಿಮಿತ್ತ ಶಾಲೆಗಳು ಮುಚ್ಚಿ ಪಾಠವೆಲ್ಲ ಮೊಬೈಲಿಗೆ ಏರಿದಾಗ, ಉತ್ತರ ಕನ್ನಡ ಜಿಲ್ಲೆಯ ಮಲೆನಾಡಿನ ಹಳ್ಳಿಗಳ ಹುಡುಗರು ನೆಟ್‌ವರ್ಕು ಸಿಗುವ ಗುಡ್ಡದ ನೆತ್ತಿಯನ್ನು ಹುಡುಕಿಕೊಂಡು ಹೋಗಿ ಕುಳಿತದ್ದನ್ನು ಜನರು ಮರೆತಿಲ್ಲ. ಆ ಕಾಲದಲ್ಲಿಯೇ ಬೆಂಗಳೂರು ಪುಣೆಗಳಿಂದ ಊರಿಗೆ ಮರಳಿದ ತರುಣರಲ್ಲಿ ಕೆಲವರು, ಸಂಪರ್ಕವೊಂದು ಸರಿಯಿದ್ದರೆ ತಂದೆತಾಯಿಗಳ ಹತ್ತಿರವೇ ಇದ್ದು ದುಡಿಯಬಹುದೆಂಬುದನ್ನು ಕಂಡುಕೊಂಡರು; ಸರಿಯಿಲ್ಲದಲ್ಲಿ ಮತ್ತೆ ಬಸ್ಸು ಹತ್ತಿದರು. ಮುದುಕರಿಬ್ಬರೇ ಉಳಿದ ಮನೆಯಲ್ಲಿ ಸಂಜೆಯ ದೀಪ ಹಚ್ಚಲು ಇನ್ನೊಂದು ಕೈ ಇರುವದೋ ಇಲ್ಲವೋ ಎಂಬುದು ಒಂದು ತಂತಿಯ ಗುಣವನ್ನು ಅವಲಂಬಿಸಿದ ಮೇಲೆ, ಆ ತಂತಿಯ ವಿಷಯವಾಗಿ ನಾಲ್ಕು ಮಾತು ತಿಳಿದಿರುವದು ಲೇಸು.

ಮೊದಲು ಅಂಕೆಯ ಅರ್ಥ. ಅಂತರ್ಜಾಲದಲ್ಲಿ ಸಾಗುವ ಅಕ್ಷರ, ಚಿತ್ರ, ಧ್ವನಿ ಇವೆಲ್ಲವೂ ಕೊನೆಗೆ ಎರಡೇ ಚಿಹ್ನೆಗಳ ಸಾಲು: ಸೊನ್ನೆ ಮತ್ತು ಒಂದು. ಅಂತಹ ಒಂದೊಂದು ಚಿಹ್ನೆಗೆ ಬಿಟ್ ಎಂದು ಹೆಸರು. ಛಂದಸ್ಸನ್ನು ಓದಿದವರಿಗೆ ಇದು ಹೊಸತಲ್ಲ. ಲಘು ಗುರು ಎಂಬ ಎರಡರಿಂದಲೇ ಪಿಂಗಳನು ಪ್ರಸ್ತಾರ ಹಾಕುವ ಕ್ರಮವನ್ನು ತೋರಿಸಿಕೊಟ್ಟನಷ್ಟೆ. ಎಂಟಕ್ಷರದ ಪಾದಕ್ಕೆ ಪ್ರಸ್ತಾರ ಹಾಕಿದರೆ ೨೫೬ ಭೇದಗಳಾಗುವವು. ಎಂಟು ಬಿಟ್ಟುಗಳ ಗುಂಪಾದ ಬೈಟ್ ಎಂಬುದಕ್ಕೂ ಸರಿಯಾಗಿ ೨೫೬ ರೂಪಗಳು. ಇರಲಿ. ವ್ಯವಹಾರದಲ್ಲಿ ನೆನಪಿಡತಕ್ಕದ್ದೆಂದರೆ, ಕಂಪೆನಿಯವರು ವೇಗವನ್ನು ಹೇಳುವದು ಬಿಟ್ಟುಗಳಲ್ಲಿ, ಕಡತದ ಗಾತ್ರವನ್ನು ಯಂತ್ರವು ತೋರಿಸುವದು ಬೈಟುಗಳಲ್ಲಿ. ಸೆಕೆಂಡಿಗೆ ೧೦೦ ಮೆಗಾಬಿಟ್ ಎಂದರೆ ೧೨.೫ ಮೆಗಾಬೈಟ್ ಮಾತ್ರ. ೧೦೦೦ ಮೆಗಾಬೈಟಿನ ಚಲನಚಿತ್ರವು ಹತ್ತೇ ಸೆಕೆಂಡಿನಲ್ಲಿ ಇಳಿಯಬೇಕೆಂದು ಕಾದು ಕುಳಿತವನಿಗೆ ಎಂಬತ್ತು ಸೆಕೆಂಡು ಹಿಡಿದರೆ ಮೋಸವಾಯಿತೆನ್ನಿಸುವದು. ಅಲ್ಲಿ ಮೋಸವಿಲ್ಲ, ಸೇರಿನ ಲೆಕ್ಕವನ್ನು ಕೊಳಗದ ಲೆಕ್ಕವೆಂದು ತಿಳಿದುದರ ಫಲವಷ್ಟೇ.

ಎರಡನೆಯ ಮಾತು ಇಷ್ಟು ನಿರ್ದೋಷವಾದುದಲ್ಲ. ಜಾಹೀರಾತಿನ ೧೦೦ ಎಂಬ ಅಂಕೆಯ ಪಕ್ಕದಲ್ಲಿ ‘ವರೆಗೆ’ ಎಂಬ ಪದವು ಅಡಗಿರುತ್ತದೆ. ವ್ಯಾಕರಣದಲ್ಲಿ ಅದು ಒಂದು ಚಿಕ್ಕ ಪದ. ವ್ಯವಹಾರದಲ್ಲಿ ಇಡೀ ಕರಾರನ್ನೇ ನುಂಗಬಲ್ಲದು. ನೂರರವರೆಗೆ ಎಂದಲ್ಲಿ ಐದೂ ಸೇರಿತು, ಹದಿನೈದೂ ಸೇರಿತು. ಕೆಳಗಿನ ಮಿತಿಯನ್ನು ಸರಕಾರವು ಗೊತ್ತುಮಾಡಿರುವದು ನಿಜ. ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ೨೦೦೪ರ ನೀತಿಯಂತೆ ಸೆಕೆಂಡಿಗೆ ೨೫೬ ಕಿಲೋಬಿಟ್ ಸಾಕಾಗಿತ್ತು. ೨೦೧೩ರಲ್ಲಿ ಅದು ೫೧೨ ಆಯಿತು. ೨೦೨೩ರ ಜನವರಿಯಲ್ಲಿ ೨ ಮೆಗಾಬಿಟ್ಟಿಗೆ ಏರಿತು. ಮೇಲೆ ನೂರು, ಕೆಳಗೆ ಎರಡು. ಈ ಎರಡರ ನಡುವಣ ವಿಶಾಲವಾದ ಬಯಲಿನಲ್ಲಿ ತನ್ನ ಮನೆ ಎಲ್ಲಿದೆಯೆಂಬುದನ್ನು ಗೃಹಸ್ಥನೇ ಕಂಡುಕೊಳ್ಳಬೇಕು.

ವೇಗವು ಎಲ್ಲಿ ಸೋರಿಹೋಗುವದೆಂಬುದನ್ನು ತಿಳಿಯಬೇಕಾದರೆ ಅದು ಬರುವ ದಾರಿಯನ್ನೇ ಹಿಡಿದು ನಡೆಯಬೇಕು. ಹಳೆಯ ದೂರವಾಣಿಯ ತಾಮ್ರದ ತಂತಿಗೆ ದೂರವೇ ಶತ್ರು. ಎಕ್ಸ್‌ಚೇಂಜಿನ ಬಾಗಿಲಲ್ಲಿ ಇಪ್ಪತ್ತಕ್ಕೂ ಮೇಲಿದ್ದ ವೇಗವು ನಾಲ್ಕೈದು ಕಿಲೋಮೀಟರ್ ಹೋಗುವಷ್ಟರಲ್ಲಿ ಒಂದೆರಡಕ್ಕೆ ಇಳಿಯುತ್ತಿತ್ತು. ಗಾಜಿನ ಎಳೆಯಲ್ಲಿ, ಎಂದರೆ ಫೈಬರಿನಲ್ಲಿ, ಬೆಳಕೇ ಸಾಗುವದರಿಂದ ಇಪ್ಪತ್ತು ಕಿಲೋಮೀಟರ್ ಹೋದರೂ ಅಂತಹ ಇಳಿತವಿಲ್ಲ. ಹಾಗೆಂದು ಫೈಬರೆಂದರೆ ಮನೆಗೊಂದು ಸ್ವತಂತ್ರ ಕಾಲುವೆಯೆಂದು ತಿಳಿಯಬಾರದು. ಬಹಳವಾಗಿ ಬಳಕೆಯಲ್ಲಿರುವ ಪದ್ಧತಿಯಲ್ಲಿ ಸುಮಾರು ೨೫೦೦ ಮೆಗಾಬಿಟ್ಟಿನ ಒಂದೇ ಎಳೆಯನ್ನು ೩೨ ಇಲ್ಲವೆ ೬೪ ಮನೆಗಳಿಗೆ ಕವಲೊಡೆಸುತ್ತಾರೆ. ಅರವತ್ತನಾಲ್ಕೂ ಮನೆಗಳವರು ಏಕಕಾಲಕ್ಕೆ ಪೂರ್ತಿಯಾಗಿ ಎಳೆದುಕೊಂಡರೆ ಮನೆಗೆ ೩೯ರಷ್ಟು ಬರುವದು. ಹಾಗೆ ಎಲ್ಲರೂ ಒಮ್ಮೆಲೇ ಎಳೆಯುವದಿಲ್ಲವೆಂಬ ಧೈರ್ಯದ ಮೇಲೆಯೇ ಪ್ರತಿಯೊಬ್ಬರಿಗೂ ನೂರನ್ನು ಮಾರಿರುತ್ತಾರೆ. ಕೆರೆಯ ನೀರಿಗೆ ಪಾಳಿ ಕಾದು ಗೊತ್ತಿದ್ದ ತೋಟಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬೆಳಿಗ್ಗೆ ಹತ್ತಕ್ಕೆ ಹರಿದದ್ದು ರಾತ್ರಿ ಎಂಟಕ್ಕೆ ಯಾಕೆ ಸಣ್ಣಗಾಯಿತೆಂಬ ಪ್ರಶ್ನೆಗೆ ಉತ್ತರವು ಬಹುತರವಾಗಿ ಇದೇ.

ಗಾಳಿಯಲ್ಲಿ ಬರುವ ಸಂಪರ್ಕವು ಇದಕ್ಕಿಂತಲೂ ಚಂಚಲವಾದುದು. ಮಾಘಮಾಸದಲ್ಲಿ ಉಳವಿಯ ಜಾತ್ರೆಗೆ ಚಕ್ಕಡಿಗಳು ಸಾಲುಗಟ್ಟಿದಾಗ ಎತ್ತುಗಳ ಚುರುಕನ್ನು ವಿಚಾರಿಸಿ ಫಲವಿಲ್ಲ. ಮುಂದಿನ ಚಕ್ಕಡಿ ಸರಿದಷ್ಟೇ ಹಿಂದಿನದು ಸರಿಯಬೇಕು. ಒಂದು ಟವರಿನ ಕೆಳಗೆ ಜನರು ಹೆಚ್ಚಿದಂತೆ ಆಗುವದೂ ಹೀಗೆಯೇ. ಮೇಲಾಗಿ ಗುಡ್ಡವು ಅಡ್ಡಬಂದರೆ, ಮಳೆಯಲ್ಲಿ ತೊಯ್ದ ದಟ್ಟವಾದ ಎಲೆಗಳು ಅಡ್ಡಬಂದರೆ ತರಂಗವು ಸೊರಗುವದು. ಇನ್ನು ಕಡೆಯ ಹತ್ತು ಮಾರು ಮನೆಯೊಳಗಿನದು. ಅಲ್ಲಿಯ ನಷ್ಟಕ್ಕೆ ಯಾವ ಕಂಪೆನಿಯೂ ಹೊಣೆಯಲ್ಲ. ಚಿರೆಕಲ್ಲಿನ ದಪ್ಪ ಗೋಡೆಗಳ ಮನೆಯಲ್ಲಿ ರೌಟರನ್ನು ಜಗುಲಿಯ ಮೂಲೆಯ ಕಪಾಟಿನೊಳಗೆ ಭದ್ರಮಾಡಿ ಇಟ್ಟು, ಮಾಳಿಗೆಯಲ್ಲಿ ಕುಳಿತು ಓದುವ ಹುಡುಗನಿಗೆ ವೇಗವಿಲ್ಲವೆಂದು ಕಂಪೆನಿಯವರನ್ನು ಬೈಯುವದು ನ್ಯಾಯವಲ್ಲ. ರೌಟರು ಹೊರಡಿಸುವ ಎರಡು ಬಗೆಯ ತರಂಗಗಳಲ್ಲಿ ೫ ಗಿಗಾಹರ್ಟ್ಸಿನದು ವೇಗಶಾಲಿಯಾದರೂ ಗೋಡೆಗೆ ಅಂಜುವದು, ೨.೪ರದು ನಿಧಾನವಾದರೂ ದೂರ ಹೋಗುವದು. ಮನೆಯ ನಡುಮಧ್ಯದಲ್ಲಿ, ಆಳೆತ್ತರದ ತೆರೆದ ಜಾಗದಲ್ಲಿ ಅದನ್ನು ಇಟ್ಟರೆ ಅರ್ಧ ದೂರು ಕಡಿಮೆಯಾಗುವದು.

ಗಣೇಶಗುಡಿಯಿಂದ ಒಳಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಅಡಿಕೆ ತೋಟದ ಮನೆಯೊಂದಿದೆ. ಯಜಮಾನರು ಎಪ್ಪತ್ತರ ಸಮೀಪದವರು. ಮನೆಯಾಕೆಗೆ ಮೊಣಕಾಲಿನ ಬೇನೆ. ಒಬ್ಬಳೇ ಮಗಳು ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವಳು. ಊರಿನಿಂದಲೇ ಕೆಲಸ ಮಾಡಲು ಮೇಲಿನವರ ಅಡ್ಡಿಯಿಲ್ಲ, ಆದರೆ ಸಭೆ ನಡೆದಿರುವಾಗ ಸಂಪರ್ಕವು ಕಡಿಯಬಾರದೆಂದು ಆಕೆಗೆ ಹೇಳಿದ್ದರು. ಯಜಮಾನರಿಗೆ ಉತ್ಸಾಹ ತಡೆಯಲಿಲ್ಲ. ಪೇಟೆಗೆ ಹೋಗಿ, ಸಿಮ್ ಹಾಕಿ ಇಡುವ ಒಂದು ಪೆಟ್ಟಿಗೆಯನ್ನು ಕೊಂಡು ತಂದರು. ಪೆಟ್ಟಿಗೆಯ ಮೇಲೆ ೧೫೦ ಎಂದೂ, ಅದರ ಪಕ್ಕದಲ್ಲಿ ೩೦೦ ಎಂದೂ ಅಚ್ಚಾಗಿತ್ತು. ಅಂಗಡಿಯವನು ದೊಡ್ಡ ಅಂಕೆಯ ಮೇಲೆಯೇ ಬೆರಳಿಟ್ಟು ತೋರಿಸಿದ್ದನು. ಮಗಳು ಬಂದು ಅಳೆದು ನೋಡಲಾಗಿ ಬೆಳಿಗ್ಗೆ ಒಂಬತ್ತು, ರಾತ್ರಿ ಎಂಟು ಗಂಟೆಗೆ ಮೂರು. ಇಲ್ಲಿಂದ ಹೊರಕ್ಕೆ ಕಳಿಸುವ ವೇಗವಂತೂ ಒಂದಕ್ಕೂ ಕಡಿಮೆ.

“ನೂರೈವತ್ತು ಎಲ್ಲಿ ಹೋಯ್ತೇ ತಂಗಿ?” ಎಂದು ಯಜಮಾನರು ಕೇಳಿದರು.

“ಅಪ್ಪಯ್ಯ, ಅದು ಪೆಟ್ಟಿಗೆಯ ಯೋಗ್ಯತೆ, ಟವರಿನದ್ದಲ್ಲ. ದೊಡ್ಡ ಹಂಡೆ ತಂದಿಟ್ಟರೆ ಬಾವಿಯಲ್ಲಿ ನೀರು ಹೆಚ್ಚಾಗ್ತದೆಯೇ?”

ಯಜಮಾನರು ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿ ಸುಮ್ಮನಾದರು. ಮಗಳ ಮಾತು ಸರಿಯಾಗಿಯೇ ಇತ್ತು. ೧೫೦ ಎಂಬುದು ಆ ಯಂತ್ರವು ಟವರಿನಿಂದ ಹೆಚ್ಚೆಂದರೆ ಎಷ್ಟನ್ನು ಹಿಡಿಯಬಲ್ಲದೆಂಬ ಮಾತು. ೩೦೦ ಎಂಬುದು ಅದೇ ಕೋಣೆಯಲ್ಲಿ ಪೆಟ್ಟಿಗೆಯಿಂದ ಮೊಬೈಲಿಗೆ ಎಷ್ಟನ್ನು ದಾಟಿಸಬಲ್ಲದೆಂಬ ಮಾತು. ಹೊರಗಿನಿಂದ ಎಷ್ಟು ಬರುವದೆಂಬುದನ್ನು ಎರಡೂ ಹೇಳುವದಿಲ್ಲ.

ಆ ಮನೆಗೆ ನಿಜವಾಗಿ ಎಷ್ಟು ಬೇಕಾಗಿತ್ತು? ಇದನ್ನು ಯಾರೂ ಮೊದಲು ಕೇಳುವದಿಲ್ಲ. ಸ್ಪಷ್ಟವಾದ ಚಲನಚಿತ್ರವೊಂದಕ್ಕೆ ೫ ಮೆಗಾಬಿಟ್, ಅತಿಸೂಕ್ಷ್ಮವಾದ ಚಿತ್ರಕ್ಕೆ ೧೫ರ ಮೇಲೆ ಬೇಕಾಗುವದು. ಹತ್ತು ಜನರು ಮುಖ ನೋಡಿ ನಡೆಸುವ ಸಭೆಗೆ ಎರಡರಿಂದ ನಾಲ್ಕು ಸಾಕು, ಆದರೆ ಅದು ಹೋಗುವ ಬರುವ ಎರಡು ದಿಕ್ಕಿಗೂ ಬೇಕು. ನಾಲ್ಕು ಜನರ ಸಂಸಾರಕ್ಕೆ ಎಡೆಬಿಡದೆ ೩೦ ಬಂದರೆ ಯಾವ ಕೊರತೆಯೂ ಇಲ್ಲ. ಮುನ್ನೂರನ್ನು ಕೊಂಡು ಅದರಲ್ಲಿ ಇನ್ನೂರ ಎಪ್ಪತ್ತನ್ನು ಗೂಡಿನಲ್ಲಿ ಇಡುವವರು ಅನೇಕರಿದ್ದಾರೆ. ಅದು ಅವರವರ ಐಶ್ವರ್ಯ. ಜಾಹೀರಾತಿನ ಅಂಕೆಯು ಸಾಮಾನ್ಯವಾಗಿ ಒಳಬರುವ ವೇಗದ್ದು. ಫೈಬರಿನ ಯೋಜನೆಗಳಲ್ಲಿ ಬಹುತೇಕ ಎರಡೂ ದಿಕ್ಕು ಸಮಾನವಾಗಿರುವವು. ಗಾಳಿಯ ಸಂಪರ್ಕದಲ್ಲಿ ಹೊರಹೋಗುವದು ಬಹಳ ಕಡಿಮೆ.

ಇವೆರಡರ ಹೊರತು ವಿಲಂಬವೆಂಬುದು ಇನ್ನೊಂದಿದೆ. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುವದರಿಂದ, ದಾಂಡೇಲಿಯಿಂದ ಬೆಂಗಳೂರಿಗೆ ಹೋಗಿಬರಲು ಸೆಕೆಂಡಿನ ಸಾವಿರದ ಐದು ಭಾಗ ಸಾಕು. ನಡುವಿನ ಯಂತ್ರಗಳ ತಡೆ ಸೇರಿದರೂ ಅದು ಕಿವಿಗೆ ತಿಳಿಯಲಾರದು. ೩೬,೦೦೦ ಕಿಲೋಮೀಟರ್ ಎತ್ತರದ ಸ್ಥಿರ ಉಪಗ್ರಹದ ಮೂಲಕವಾದರೋ ಪ್ರಶ್ನೆಯು ಏರಿ ಇಳಿದು, ಉತ್ತರವು ಏರಿ ಇಳಿದು ಬರಲು ಅರ್ಧ ಸೆಕೆಂಡು ಬೇಕು. ಚಿತ್ರ ನೋಡುವವರಿಗೆ ಇದು ತೊಂದರೆಯಲ್ಲ. ಮಾತನಾಡುವವರಿಗೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುವದು. ಸುಮಾರು ೫೫೦ ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಹೊಸ ಬಗೆಯ ಉಪಗ್ರಹಗಳಲ್ಲಿ ಈ ದೋಷವಿಲ್ಲ. ಸ್ಟಾರ್‌ಲಿಂಕ್ ಕಂಪೆನಿಗೆ ೨೦೨೫ರ ಜೂನ್ ತಿಂಗಳಲ್ಲಿ ಭಾರತದ ಪರವಾನಗಿ ದೊರೆಯಿತೆಂಬ ಸುದ್ದಿಯನ್ನು ಕಾಡಿನ ನಡುವಿನ ಹಳ್ಳಿಗಳವರು ಕಿವಿಗೊಟ್ಟು ಕೇಳಿದ್ದರೆ ಆಶ್ಚರ್ಯವಿಲ್ಲ.

ಕಂಪೆನಿಯ ಮಾತನ್ನು ಎಷ್ಟು ನಂಬಬೇಕು? ತರ್ಕಶಾಸ್ತ್ರದಲ್ಲಿ ಶಬ್ದವೂ ಒಂದು ಪ್ರಮಾಣವೇ. ಆದರೆ ಆಡಿದವನು ಆಪ್ತನಾಗಿರಬೇಕು, ಎಂದರೆ ಇದ್ದುದನ್ನು ಇದ್ದಂತೆ ಹೇಳುವವನಾಗಿರಬೇಕು. ಮಾರುವವನಿಗೆ ಈ ಲಕ್ಷಣವನ್ನು ಒಮ್ಮೆಲೇ ಹಚ್ಚಲಾಗದು. ಪಕ್ಕದೂರಿನವರ ಅನುಭವದಿಂದ ಊಹಿಸುವದು ಅನುಮಾನ. ಅದಕ್ಕೂ ಬಾಧೆಯುಂಟು, ಏಕೆಂದರೆ ಎರಡು ಊರುಗಳ ನಡುವೆ ಒಂದು ಗುಡ್ಡವಿದ್ದರೆ ಸಾಕು. ಉಳಿಯುವದು ಪ್ರತ್ಯಕ್ಷ. ಅದೇ ಓಣಿಯಲ್ಲಿ, ಅದೇ ಕವಲಿನ ಮೇಲೆ ಸಂಪರ್ಕವಿರುವ ನೆರೆಯವರ ಮನೆಗೆ ರಾತ್ರಿ ಎಂಟರ ನಂತರ ಹೋಗಿ, ರೌಟರಿನ ಹತ್ತಿರವೇ ನಿಂತು, ಸಾಧ್ಯವಾದರೆ ತಂತಿಯನ್ನೇ ಯಂತ್ರಕ್ಕೆ ಚುಚ್ಚಿ, ಒಳಬರುವ ವೇಗ, ಹೊರಹೋಗುವ ವೇಗ, ವಿಲಂಬ ಈ ಮೂರನ್ನೂ ಅಳೆಯಬೇಕು. ಒಂದು ರಾತ್ರಿಯ ಅಳತೆ ಸಾಲದು. ಮಳೆಯ ರಾತ್ರಿಯೊಂದು ಸಿಕ್ಕಿದರೆ ಬಹಳ ಉತ್ತಮ. ಮೊಬೈಲ್ ಕಂಪೆನಿಗಳು ತಮ್ಮ ವ್ಯಾಪ್ತಿಯ ನಕಾಶೆಗಳನ್ನು ಪ್ರಕಟಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ೨೦೨೪ರ ನಿಯಮಗಳಲ್ಲಿ ವಿಧಿಸಿದೆ. ಅವನ್ನು ನೋಡುವದು ಒಳ್ಳೆಯದೇ. ಆದರೆ ನಕಾಶೆಯ ಬಣ್ಣವು ಜಗುಲಿಯ ಮೇಲೆ ಬಿದ್ದಿತೆಂದಮಾತ್ರಕ್ಕೆ ಅಡಿಗೆಮನೆಯಲ್ಲಿ ಮಾತು ಕೇಳಿಸುವದೆಂದು ಹೇಳಲಾಗದು.

ಈ ನಾಲ್ಕು ತಾಲೂಕುಗಳು ಒಂದೇ ಬಗೆಯವಲ್ಲ. ಕಾಗದದ ಕಾರಖಾನೆಯ ಪಟ್ಟಣವಾದ ದಾಂಡೇಲಿಯಲ್ಲಿಯೂ, ಬಯಲುಸೀಮೆಗೆ ಹತ್ತಿಕೊಂಡ ಹಳಿಯಾಳದಲ್ಲಿಯೂ, ಮುಂಡಗೋಡದಲ್ಲಿಯೂ ಪೇಟೆಯೊಳಗಿನವರ ಕಷ್ಟವು ಹಲವರಲ್ಲಿ ಒಬ್ಬರನ್ನು ಆರಿಸುವ ಕಷ್ಟ. ಮುಂಡಗೋಡದ ಹತ್ತಿರ ೧೯೬೬ರಿಂದ ನೆಲೆಸಿರುವ ಟಿಬೇಟಿಯನ್ ಜನರಿಗೆ ದೇಶಾಂತರಗಳಲ್ಲಿ ಹರಡಿದ ಬಂಧುಗಳೊಡನೆ ಮಾತನಾಡಬೇಕಾದುದರಿಂದ, ಅಲ್ಲಿ ಹೊರಹೋಗುವ ವೇಗವನ್ನು ವಿಶೇಷವಾಗಿ ವಿಚಾರಿಸುವದು ಯುಕ್ತ. ಜೋಯಿಡಾದ ಮಾತೇ ಬೇರೆ. ಕಾಳೀ ನದಿಗೆ ಸೂಪಾದಲ್ಲಿ ೧೦೧ ಮೀಟರ್ ಎತ್ತರದ ಅಣೆಕಟ್ಟು ಎದ್ದಿತು. ಸೂಪಾ ಊರು ಮುಳುಗಿತು. ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು. ಆ ನೀರಿನ ವಿದ್ಯುತ್ತು ನಾಡಿಗೆಲ್ಲ ಹೋಯಿತು. ಇಷ್ಟನ್ನು ಕೊಟ್ಟ ಸೀಮೆಗೆ ಒಂದು ಎಳೆ ಗಾಜಿನ ದಾರವು ಬರಲು ಇಷ್ಟು ತಡವಾಗಬೇಕೆ ಎಂದು ಕೇಳುವವರಿಗೆ ಉತ್ತರ ಕೊಡುವದು ಸುಲಭವಲ್ಲ. ಹುಲಿಯ ಅಭಯಾರಣ್ಯದೊಳಗೆ ಕಂಬ ನೆಡಲು, ನೆಲ ಅಗೆಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹತ್ತು ಮನೆಗಳ ಹಳ್ಳಿಗೆ ಹತ್ತು ಕಿಲೋಮೀಟರ್ ದಾರ ಎಳೆದು ಲಾಭ ಕಾಣುವ ವ್ಯಾಪಾರಿಯೂ ಇಲ್ಲ. ಆದ್ದರಿಂದಲೇ ಸರಕಾರವು ೨೦೧೧ರಲ್ಲಿ ಗ್ರಾಮಪಂಚಾಯತಿಗಳಿಗೆ ಫೈಬರ್ ಒಯ್ಯುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದೇ ಮುಂದೆ ಭಾರತನೆಟ್ ಆಯಿತು. ೨೦೨೨ರ ಜುಲೈಯಲ್ಲಿ ೨೪,೬೮೦ ಹಳ್ಳಿಗಳಿಗೆ ೪ಜಿ ಮೊಬೈಲ್ ಮುಟ್ಟಿಸುವದಕ್ಕಾಗಿ ೨೬,೩೧೬ ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿ ಬಿ.ಎಸ್.ಎನ್.ಎಲ್.ಗೆ ಕೆಲಸ ಒಪ್ಪಿಸಿತು. ಆದರೆ ಪಂಚಾಯತಿಯ ಬಾಗಿಲಿಗೆ ಬಂದ ಎಳೆಯು ಮನೆಯ ಬಾಗಿಲಿಗೆ ಬಂದ ಹಾಗಲ್ಲ. ಇಂತಹ ಹಳ್ಳಿಗಳವರು ಕೇಳಬೇಕಾದ ಮೊದಲ ಪ್ರಶ್ನೆ ಯಾವ ಕಂಪೆನಿ ಎಂಬುದಲ್ಲ. ತಮ್ಮ ಪಂಚಾಯತಿಯ ಎಳೆಯು ಜೀವಂತವಿದೆಯೇ, ಅದರಿಂದ ಮನೆಗಳಿಗೆ ಕವಲು ಕೊಡುವವರು ಯಾರಾದರೂ ಇದ್ದಾರೆಯೇ ಎಂಬುದು.

ಹಣದ ವಿಚಾರವನ್ನು ಬೇಗನೆ ಹೇಳಿ ಮುಗಿಸಬಹುದು. ತಿಂಗಳಿಗೆ ೪೯೯ ಎಂದು ಅಚ್ಚುಹಾಕಿದ್ದು ನೂರಕ್ಕೆ ೧೮ರ ತೆರಿಗೆ ಸೇರಿ ೫೮೯ ಆಗುವದು. ಅಪರಿಮಿತ ಎಂದುದಕ್ಕೂ ಪರಿಮಿತಿಯುಂಟು. ಅನೇಕ ಫೈಬರ್ ಯೋಜನೆಗಳಲ್ಲಿ ಅದು ತಿಂಗಳಿಗೆ ೩೩೦೦ ಗಿಗಾಬೈಟ್ ಇರುವದರಿಂದ ಸಂಸಾರಸ್ಥರು ಹೆದರಬೇಕಾಗಿಲ್ಲ, ಗಾಳಿಯ ಸಂಪರ್ಕದ ಯೋಜನೆಗಳಲ್ಲಿ ಮಾತ್ರ ಅಂಕೆಯನ್ನು ನೋಡಿಯೇ ಮುಂದುವರಿಯಬೇಕು. ವರ್ಷದ ಹಣವನ್ನು ಒಮ್ಮೆಲೇ ಕೊಟ್ಟರೆ ಒಂದೆರಡು ತಿಂಗಳು ಉಚಿತವೆಂಬ ಆಸೆ ತೋರಿಸುವರು. ಒಂದು ಮಳೆಗಾಲವನ್ನು ತಿಂಗಳ ಲೆಕ್ಕದಲ್ಲಿಯೇ ಕಳೆದು, ಆ ಮೇಲೆ ಆ ಆಸೆಗೆ ಒಳಗಾಗುವದು ವಿವೇಕ. ದೂರು ಕೊಡುವಾಗ ಬಾಯಿಮಾತಿನಲ್ಲಿ ಬಿಡದೆ ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಅಲ್ಲಿ ನ್ಯಾಯ ದೊರೆಯದಿದ್ದರೆ ಅದೇ ಕಂಪೆನಿಯ ಮೇಲ್ಮನವಿಯ ಅಧಿಕಾರಿಗೆ ಬರೆಯುವ ಹಕ್ಕು ಗ್ರಾಹಕನಿಗೆ ಉಂಟು, ಆಗ ಈ ಸಂಖ್ಯೆಯೇ ಬೇಕಾಗುವದು.

ಎಲ್ಲಕ್ಕಿಂತ ಹೆಚ್ಚಾಗಿ ವಿಚಾರಿಸತಕ್ಕದ್ದು, ದಾರ ಕಡಿದರೆ ಬರುವವನು ಯಾರು, ಎಲ್ಲಿಂದ ಬರುವನು ಎಂಬುದನ್ನು. ದೊಡ್ಡ ಹೆಸರಿನ ಸಂಪರ್ಕವಾದರೂ ಕಡೆಯ ಎಳೆಯನ್ನು ನೋಡಿಕೊಳ್ಳುವವನು ಎಷ್ಟೋ ಕಡೆಗೆ ಊರಿನ ಕೇಬಲ್ಲಿನವನೇ, ಬಿ.ಎಸ್.ಎನ್.ಎಲ್.ದ ಫೈಬರಿನಲ್ಲಿಯೂ ಇಂತಹ ಸ್ಥಳೀಯ ಪಾಲುಗಾರರೇ ಅನೇಕರು. ಗಣೇಶಗುಡಿಯ ಕಡೆಯ ಆ ಮನೆಯವರು ಕೊನೆಗೆ ಇದನ್ನೇ ಮುಂದಿಟ್ಟುಕೊಂಡು ತೀರ್ಮಾನಿಸಿದರು. ಎರಡು ಕಿಲೋಮೀಟರ್ ಆಚೆಯ ನೆಂಟರ ಮನೆಯವರೆಗೆ ಊರಿನವನೊಬ್ಬನು ದಾರ ಎಳೆದಿದ್ದನು. ಮಗಳು ಅಲ್ಲಿ ಮೂರು ರಾತ್ರಿ ಅಳೆದಳು; ಹೇಳಿದ್ದು ೩೦, ಬಂದದ್ದು ೨೮, ಎರಡೂ ದಿಕ್ಕಿಗೆ. ಮುಂದಿನ ಮರಗಳಿಂದ ಮರಗಳಿಗೆ ದಾರ ಕಟ್ಟಿಕೊಂಡು ಬರುವ ಖರ್ಚಿನಲ್ಲಿ ಅರ್ಧವನ್ನು ಯಜಮಾನರು ಕೊಟ್ಟರು. ಪೇಟೆಯಿಂದ ತಂದ ಪೆಟ್ಟಿಗೆಯೂ ವ್ಯರ್ಥವಾಗಲಿಲ್ಲ. ದಾರ ಕಡಿದ ದಿನ ಮೂರೋ ಒಂಬತ್ತೋ ಇರಲೆಂದು ಅದನ್ನು ಮಾಳಿಗೆಯ ಕಿಟಕಿಯಲ್ಲಿ ಇಟ್ಟರು. ಕರೆಂಟು ಹೋದರೆ ಫೈಬರಿನ ಯಂತ್ರವೂ ಕಣ್ಣು ಮುಚ್ಚುವದರಿಂದ, ಅದೊಂದಕ್ಕೇ ಕೆಲವು ತಾಸು ಸಾಲುವ ಒಂದು ಚಿಕ್ಕ ಬ್ಯಾಟರಿಯನ್ನು ತರಿಸಿದರು.

ಮೊದಲ ಮಳೆಗಾಲದ ಜುಲೈಯಲ್ಲಿ ಮರ ಬಿದ್ದು ದಾರ ಹರಿಯಿತು. ಮೂರನೆಯ ದಿನ ಲೈನ್‌ಮನ್ನನು ಬೈಕಿನ ಹಿಂದೆ ಎಳೆ ಕೂಡಿಸುವ ಯಂತ್ರವನ್ನು ಕಟ್ಟಿಕೊಂಡು ಬಂದು, ಮನೆಯಾಕೆ ಹಿಡಿದ ಕೊಡೆಯ ಕೆಳಗೆ ಕುಳಿತು, ಕೂದಲಿನಂತಹ ಎರಡು ತುದಿಗಳನ್ನು ಬೆಸೆದು ಕೊಟ್ಟನು. “ಈ ಮಳೆಯೊಳಗೆ ಇನ್ನೂ ಎರಡು ಸಲ ಆಗ್ತದೆ ಅಮ್ಮಾ,” ಎಂದು ಹೇಳಿಯೂ ಹೋದನು, ಹಾಗೆಯೇ ಆಯಿತು. ಮಗಳು ಈಗ ತಿಂಗಳಲ್ಲಿ ಮೂರು ವಾರ ಊರಿನಲ್ಲಿಯೂ ಒಂದು ವಾರ ಬೆಂಗಳೂರಿನಲ್ಲಿಯೂ ಇರುತ್ತಾಳೆ. ಜುಲೈ ಆಗಸ್ಟಿನಲ್ಲಿ ಮಾತ್ರ ಈ ಲೆಕ್ಕ ತಿರುವುಮುರುವು.